ಕಂದೀಲ ಗಡ್ಡೆ: ಸ್ಥಳ ಖಚಿತವಿಲ್ಲ

ಜುಲೈ 9, ಮಂಗಳವಾರ

ಈ ನೋಟ್‌ಬುಕ್ಕು ನನ್ನದಲ್ಲ. ದಿಲ್ಶಾದ ಮೇಡಂ ಗಿಡಗಳ ವಿವರ ಬರೆಯಲು ಕೊಟ್ಟದ್ದು. ಮುಂದಿನ ಪುಟದಿಂದ ಗಿಡ, ಹಿಂದಿನ ಪುಟದಿಂದ ನಾನು. ಇದು ಕದ್ದಂತಾಯಿತೇ ಎಂದು ಸ್ವಲ್ಪ ಹೊತ್ತು ಯೋಚಿಸಿದೆ. ಇನ್ನೂರು ಪುಟ ತುಂಬುವಷ್ಟು ಗಿಡ ನಮ್ಮ ಕಡೆ ಎಲ್ಲಿವೆ, ಹೇಗೂ ಉಳಿಯುವ ಹಾಳೆ ಎಂದುಕೊಂಡು ಶುರುಮಾಡಿದ್ದೇನೆ.

ಕೆಲಸಕ್ಕೆ ಸೇರಿ ಎಂಟು ದಿನ. ಮೇಡಂ ಸವಣೂರಿನವರು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾಗಿದ್ದಾರೆ. ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿನಲ್ಲಿ ಯಾರೂ ಬಿತ್ತದೆ ಹುಟ್ಟುವ ಗಿಡಗಳ ಬಗ್ಗೆ ಒಂದು ಪುಸ್ತಕ ಬರೆಯುತ್ತಿದ್ದಾರೆ. ಬರೆಯುತ್ತಿರುವುದು ಮೂವತ್ತಾರು ವರ್ಷದಿಂದ. ಹೋದ ವರ್ಷ ಮೊಣಕಾಲಿನ ಆಪರೇಶನ್ ಆದಮೇಲೆ ಗುಡ್ಡ ಹತ್ತಲಾಗುವುದಿಲ್ಲ. ಸ್ಕೂಟಿ ಓಡಿಸಬಲ್ಲ, ಅಕ್ಷರ ನೆಟ್ಟಗಿರುವ ಹುಡುಗಿ ಬೇಕಾಗಿತ್ತು. ಅವ್ವ ಬಿಸಿಯೂಟ ಮಾಡುವ ಶಾಲೆಯ ಟೀಚರೊಬ್ಬರು ನನ್ನ ಹೆಸರು ಹೇಳಿದರು.

ಮೊದಲ ದಿನ ಮೇಡಂ ಕೇಳಿದರು: "ಸೆಕೆಂಡ್ ಪಿಯು ಅರ್ಧಕ್ಕ ಬಿಟ್ಟಿ ಅಂತಲ್ಲ. ಯಾಕ?"

ಈ ಪ್ರಶ್ನೆ ಕೇಳುವವರು ಉತ್ತರವನ್ನೂ ತಾವೇ ತಂದಿರುತ್ತಾರೆ. ಬಡತನ, ಅಪ್ಪನ ಕುಡಿತ, ಮದುವೆ. ನಮ್ಮಪ್ಪ ಕುಡಿಯುವುದಿಲ್ಲ, ಲಾರಿ ಓಡಿಸುತ್ತಾನೆ, ಫೀಸು ಕಟ್ಟಿದ್ದ. ನಾನು ಹೇಳಿದೆ: "ಕುಂದ್ರಾಕ ಆಗಲಿಲ್ರಿ. ಬ್ಯಾಸರಾತು, ಎದ್ದಬಂದೆ."

"ಕುಂದ್ರಲಾರದಾಕೀನ ಬೇಕ ನನಗ. ನನ್ನ ಕಾಲು ಕುಂತಬಿಟ್ಟಾವ," ಎಂದು ಸ್ಕೂಟಿಯ ಕೀಲಿ ಕೊಟ್ಟರು.

ಅವ್ವನಿಗೆ ಸಮಾಧಾನವಿಲ್ಲ. "ಕಸಾ ಕೀಳಾಕ ಸ್ಕೂಟಿ ಮ್ಯಾಲೆ ಹೊಂಟಾಳ ನನ್ನ ಮಗಳು," ಎನ್ನುತ್ತಾಳೆ. ತಪ್ಪೇನಲ್ಲ. ಕಸವೇ.

ಜುಲೈ 17, ಬುಧವಾರ

ಮೇಡಂ ಮನೆಯ ಮುಂದಿನ ಪಡಸಾಲೆ ಅವರ ತಮ್ಮ ಹಯಾತ ಭಾಯಿಯದು. ವೀಳ್ಯದೆಲೆ ವ್ಯಾಪಾರ. ದಿನವಿಡೀ ಒದ್ದೆ ಗೋಣಿಚೀಲದ ಮೇಲೆ ಎಲೆ ಹರಡಿಕೊಂಡು ಕಟ್ಟು ಕಟ್ಟುತ್ತಾರೆ. ಹಿಂದಿನ ಕೋಣೆ ಮೇಡಂದು. ಅಲ್ಲಿ ಹಳೆಯ ಪೇಪರಿನ ರಾಶಿ, ಮರದ ಹಲಗೆ, ಬೆಲ್ಟು.

"ನಂದೂ ಎಲಿ, ಅಕ್ಕಂದೂ ಎಲಿ," ಎಂದರು ಹಯಾತ ಭಾಯಿ. "ನನ್ನ ಎಲಿ ಒಣಗಿದ್ರ ಮನಿ ಮುಳುಗತೈತಿ. ಅಕ್ಕನ ಎಲಿ ಒಣಗಿದ್ರ ಈಕಿಗೆ ಹಬ್ಬ."

ಕೆಲಸ ಇಷ್ಟೇ. ಗಿಡ ಕಿತ್ತು ತರಬೇಕು. ಪೇಪರಿನ ನಡುವೆ ಹರಡಿ, ಹಲಗೆಗಳ ನಡುವೆ ಇಟ್ಟು, ಬೆಲ್ಟು ಬಿಗಿಯಬೇಕು. ದಿನಾ ಒದ್ದೆ ಪೇಪರು ತೆಗೆದು ಒಣ ಪೇಪರು ಹಾಕಬೇಕು. ಪೂರ್ತಿ ಒಣಗಿದ ಮೇಲೆ ದಪ್ಪ ಹಾಳೆಗೆ ಹೊಲಿದು, ಮೂಲೆಯಲ್ಲಿ ಚೀಟಿ ಅಂಟಿಸಬೇಕು: ಯಾವ ಊರು, ಯಾವ ದಿನ, ಯಾರು ತಂದದ್ದು.

ನಿಯಮ ಒಂದೇ. ಗಿಡ ಕಿತ್ತ ಜಾಗದಲ್ಲೇ ಅದಕ್ಕೆ ನಂಬರಿನ ಚೀಟಿ ಕಟ್ಟಬೇಕು, ಆ ನಂಬರಿನ ಕೆಳಗೆ ನೋಟ್‌ಬುಕ್ಕಿನಲ್ಲಿ ಜಾಗದ ಹೆಸರು ಬರೆಯಬೇಕು. ಅದಾದ ಮೇಲೆಯೇ ಏಳಬೇಕು.

"ಏಳೋ ಮೊದಲ ಕಟ್ಟು. ತಿಳೀತಿಲ್ಲೊ? ಎದ್ದ ಮ್ಯಾಲೆ ಕಟ್ಟಿದ್ದು ನಂಬರಲ್ಲ, ನೆನಪು. ಸ್ಥಳ ಗೊತ್ತಿಲ್ಲದ ಗಿಡ ದನದ ಮೇವು."

ದಿನಕ್ಕೆ ನಾಲ್ಕು ಸಲ ಹೇಳುತ್ತಾರೆ. ನಾನು ನಾಲ್ಕು ಸಲ ಹೂಂ ಎನ್ನುತ್ತೇನೆ.

ಪೇಪರಿನ ರಾಶಿಯಲ್ಲಿ ಒಂದು ಜಾಹೀರಾತು ಸಿಕ್ಕಿತು. ಹುಬ್ಬಳ್ಳಿಯಲ್ಲಿ ದೀಪಾವಳಿಗೆ ಹೊಸ ಬಟ್ಟೆ ಅಂಗಡಿ. ಹುಡುಗಿಯರು ಬೇಕು, ಓದು ಎಷ್ಟಿದ್ದರೂ ಸರಿ, ಸೆಪ್ಟೆಂಬರ್ 15ರೊಳಗೆ ಖುದ್ದಾಗಿ ಬರಬೇಕು. ನಾಲ್ಕು ಮಾಳಿಗೆ, ಲಿಫ್ಟು, ಏಸಿ. ಆ ಹಾಳೆಯನ್ನು ಮಡಚಿ ಸ್ಕೂಟಿಯ ಡಬ್ಬಿಯಲ್ಲಿಟ್ಟೆ. ಮೇಡಂಗೆ ಹೇಳಿಯೇ ಇಟ್ಟೆ: "ಈ ಹಾಳಿಯೊಳಗ ಗಿಡಾ ಇಡಬ್ಯಾಡ್ರಿ, ನನಗ ಬೇಕು." ಓದಿ ನೋಡಿ ಕೊಟ್ಟರು.

ಜುಲೈ 28, ಭಾನುವಾರ

ಬೆಳಿಗ್ಗೆ ಹಾನಗಲ್ಲಿನ ಗುಡ್ಡ, ಮಧ್ಯಾಹ್ನ ಮಾಸೂರಿನ ಗುಡ್ಡ. ಒಂದೇ ದಿನದಲ್ಲಿ ಎರಡೂ ಮುಗಿಸುತ್ತೇನೆಂದು ನಾನೇ ಹಟ ಮಾಡಿದ್ದು. ಗಾಡಿ ಓಡಿಸುವುದಷ್ಟೇ ಈ ಕೆಲಸದಲ್ಲಿ ನನಗೆ ಸೇರುವ ಭಾಗ. ಹಿರೇಕೆರೂರು ದಾಟಿದ ಮೇಲೆ ಗೋವಿನಜೋಳದ ಹೊಲಗಳ ನಡುವೆ ರಸ್ತೆ ಖಾಲಿ ಸಿಗುತ್ತದೆ.

ಎರಡೂ ಕಡೆ ಮಳೆ ಹಿಡಿಯಿತು. ಒದ್ದೆ ದಾರ ಬೆರಳಿಗೆ ಅಂಟುತ್ತದೆ, ಗಂಟು ಬೀಳುವುದಿಲ್ಲ. ಹಾನಗಲ್ಲಿನವನ್ನು ಒಂದು ಚೀಲಕ್ಕೆ, ಮಾಸೂರಿನವನ್ನು ಇನ್ನೊಂದು ಚೀಲಕ್ಕೆ ತುಂಬಿದೆ. ಮಾಸೂರಿನ ಚೀಲ ಇಳಿಯುವಾಗ ಜಾಲಿಮುಳ್ಳಿಗೆ ಸಿಕ್ಕಿ ಹರಿಯಿತು. ಎಲ್ಲವನ್ನೂ ಒಂದಕ್ಕೇ ತುರುಕಿಕೊಂಡು ಬಂದೆ. ನಂಬರನ್ನು ಮೇಡಂ ಮನೆಯ ಹಿತ್ತಲಲ್ಲಿ ಕುಳಿತು ಕಟ್ಟಿದೆ. ಮೇಡಂ ನಮಾಜಿನಲ್ಲಿದ್ದರು. ಇಪ್ಪತ್ತಮೂರು ಗಿಡ. ಇಪ್ಪತ್ತರದು ನೆನಪಿತ್ತು. ಉಳಿದ ಮೂರು ಚೀಲದ ಮೇಲ್ಭಾಗದಲ್ಲಿದ್ದವು, ಅವಕ್ಕೆ ಮಾಸೂರು ಎಂದು ಬರೆದೆ.

ಹುಲ್ಲು ಹುಲ್ಲೇ. ಯಾರಿಗೇನು ಗೊತ್ತಾಗುತ್ತದೆ.

ಆಗಸ್ಟ್ 6, ಮಂಗಳವಾರ

ಪೇಪರು ಬದಲಿಸಿದೆ. ನಿನ್ನೆಯೂ ಬದಲಿಸಿದೆ. ಮೊನ್ನೆಯೂ. ಮೇಡಂ ಕಾಲಿನ ತಪಾಸಣೆಗೆ ಹುಬ್ಬಳ್ಳಿಗೆ ಹೋಗಿದ್ದಾರೆ. ಹುಬ್ಬಳ್ಳಿಗೆ ಹೋಗಬೇಕಾದವಳು ನಾನು.

ಆಗಸ್ಟ್ 19, ಸೋಮವಾರ

ಇವತ್ತಿನದನ್ನು ನಿಧಾನವಾಗಿ ಬರೆಯಬೇಕು.

ಮೇಡಂ ಜುಲೈ ಕೊನೆಯ ಕಟ್ಟು ಬಿಚ್ಚಿದರು. ಒಂದೊಂದೇ ಗಿಡ ತೆಗೆದು ಹೆಸರು ಹೇಳುವುದು, ನಾನು ಬರೆಯುವುದು. 212ನೇ ನಂಬರಿನ ಪೇಪರು ತೆರೆದವರು ಕನ್ನಡಕ ತೆಗೆದು ಭೂತಗನ್ನಡಿ ಹಿಡಿದರು. ಸಣ್ಣ ಬಳ್ಳಿ. ದಾರದಂಥ ಕಾಂಡ, ಎದುರುಬದುರು ಎಲೆ, ತುದಿಯಲ್ಲಿ ಒಂದೇ ಹೂವು, ಕಿರುಬೆರಳಿನ ಗೆಣ್ಣಿನಷ್ಟು. ಬುಡದಲ್ಲಿ ಉಬ್ಬು, ಮೇಲೆ ಕೊಳವೆ, ತುದಿಯಲ್ಲಿ ಪಕಳೆಗಳು ಮತ್ತೆ ಕೂಡಿಕೊಂಡು ಪಂಜರದಂತಿವೆ. ಇಪ್ಪತ್ತು ದಿನ ಅದರ ಪೇಪರು ಬದಲಿಸಿದವಳು ನಾನೇ. ನೋಡಿರಲಿಲ್ಲ.

"ಎಲ್ಲಿ?" ಎಂದರು. ದನಿ ಅವರದೆನಿಸಲಿಲ್ಲ.

ನಾನು ಮುಂದಿನ ಪುಟ ತಿರುವಿ ಓದಿದೆ: "212, ಮಾಸೂರು ಗುಡ್ಡ."

ಮೇಡಂ ಅತ್ತರು. ಹಯಾತ ಭಾಯಿ ಎಲೆ ಬಿಟ್ಟು ಓಡಿ ಬಂದರು, ಕಾಲು ನೋಯುತ್ತಿದೆ ಎಂದುಕೊಂಡು.

ಆಮೇಲೆ ಹೇಳಿದರು. 1989ರಲ್ಲಿ ಅವರಿಗೆ ಮೂವತ್ತು ವರ್ಷ. ಪಿಎಚ್.ಡಿ. ಮಾಡುತ್ತಿದ್ದರು. ಮಾಸೂರಿನ ಗುಡ್ಡದಲ್ಲಿ ಇದೇ ಬಳ್ಳಿ ಸಿಕ್ಕಿತು. ಈ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಒಣಗಿಸಿ, ಚೀಟಿ ಬರೆದು ಇಟ್ಟದ್ದನ್ನು ಆ ಮಳೆಗಾಲ ಕಪಾಟಿಗೆ ಹತ್ತಿದ ಗೆದ್ದಲು ತಿಂದಿತು. ಮತ್ತೆ ಹೋಗಿ ಹುಡುಕಿದರೆ ಸಿಗಲಿಲ್ಲ. ಅವರ ಪಿಎಚ್.ಡಿ. ಗೈಡು ಒಂದು ದಿನ, ತುಂಬಿದ ಸಭೆಯಲ್ಲಿ ಹೇಳಿದರಂತೆ: "ದಿಲ್ಶಾದ ಅವರ ಗೆದ್ದಲು ಬಹಳ ಜಾಣ. ಬೇಕಾದ ಹಾಳೆಯನ್ನಷ್ಟೇ ಆರಿಸಿ ತಿಂದಿದೆ." ಎಲ್ಲರೂ ನಕ್ಕರು. ಮೇಡಂ ಪಿಎಚ್.ಡಿ. ಬಿಟ್ಟರು. ಪ್ರತಿ ವರ್ಷ ಆಗಸ್ಟ್‌ನಲ್ಲಿ ಆ ಗುಡ್ಡ ಹತ್ತಿದರು, ಕಾಲು ಹೋಗುವವರೆಗೂ.

"ಈಗ ಸಿಕ್ತಲ್ಲ ಬೇಟಾ. ಮಾಸೂರಾಗ. ನಾ ಸುಳ್ಳು ಹೇಳಿರಲಿಲ್ಲ."

ಹೂವಿನ ಕೊಳವೆಯೊಳಗೆ ಕೆಳಮುಖ ಕೂದಲಿರುತ್ತದಂತೆ. ಸಣ್ಣ ನೊಣ ಒಳಗೆ ಹೋದರೆ ತಿರುಗಿ ಬರಲಾಗುವುದಿಲ್ಲ. ಹೂವು ಬಾಗಿದಾಗ ಕೂದಲು ಬಾಡಿ ದಾರಿ ಬಿಡುತ್ತದೆ. ಮೇಡಂ ಇದನ್ನು ಸ್ವಂತ ಮಗಳ ಕಥೆ ಹೇಳುವಂತೆ ಹೇಳಿದರು.

ಚೀಟಿ ಬರೆದರು. ಸ್ಥಳ: ಮಾಸೂರು ಗುಡ್ಡ, ಹಿರೇಕೆರೂರು ತಾಲೂಕು. ಸಂಗ್ರಹ: ರಾಜಶ್ರೀ. ಪುಸ್ತಕದಲ್ಲೂ ಹೀಗೇ ಅಚ್ಚಾಗುತ್ತದಂತೆ. ತಿಂಗಳ ಕೊನೆಗೆ ಪುಟಗಳು ಪ್ರೆಸ್ಸಿಗೆ ಹೋಗುತ್ತವೆ.

ನನ್ನ ಹೆಸರು ಹಾಜರಿ ಪುಸ್ತಕ ಬಿಟ್ಟರೆ ಎಲ್ಲೂ ಬಂದಿಲ್ಲ.

ಆಗಸ್ಟ್ 20

212 ಆ ಮೂರರಲ್ಲಿ ಒಂದು.

ಆಗಸ್ಟ್ 22, ಗುರುವಾರ

ಅವ್ವನಿಗೆ ನಾನು ಹೇಳಿರಲಿಲ್ಲ. ಮೇಡಂ ಫೋನು ಮಾಡಿ ಹೇಳಿದ್ದಾರೆ. ಸಂಜೆ ಮನೆಗೆ ಬಂದರೆ ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತಿದ್ದರು. ಅವ್ವ ಗೋಡೆಯ ಬುದ್ಧನ ಫೋಟೋಗೆ ಮಂಗಳವಾರದ ಹೂವು ತೆಗೆದು ಹೊಸ ಹೂವು ಇಟ್ಟಿದ್ದಳು.

"ಬುಕ್ಕಿನಾಗ ಹೆಸರು ಬರತೈತಂತ. ಸಾಲಿ ಬಿಟ್ಟಾಕಿ ಹೆಸರು! ಸಾಲಿ ಕಲತವರ ಹೆಸರು ಎಲ್ಲಿ ಬಂದಾವ ಹೇಳ್ರಿ ನೋಡೋಣ."

"ಅದರಾಗ ಏನೈತಿಬೇ, ಒಂದು ಬಳ್ಳಿ," ಎಂದೆ.

"ನಾ ದಿನಾ ಮುನ್ನೂರು ಮಕ್ಕಳಿಗೆ ಅನ್ನ ಮಾಡ್ತೇನಿ. ನನ್ನ ಹೆಸರು ಯಾರ ಬರದಾರ?"

ಅವ್ವ ನಗುತ್ತಲೇ ಹೇಳಿದಳು.

ಆಗಸ್ಟ್ 25, ಭಾನುವಾರ

ಸ್ಕೂಟಿ ತೆಗೆದುಕೊಂಡು ಬಂಕಾಪುರದವರೆಗೆ ಹೋಗಿ ಬಂದೆ. ಮತ್ತೆ ಹೋದೆ. ಏನೂ ಕೆಲಸವಿರಲಿಲ್ಲ.

ನೆನಪು ಮಾಡಿಕೊಳ್ಳಲು ನೋಡುತ್ತಿದ್ದೇನೆ. ಮಾಸೂರಿನಲ್ಲಿ ಬಂಡೆಯ ಪಕ್ಕ ಕೂತು ಯಾವುದೋ ಬಳ್ಳಿ ಎಳೆದೆ. ಹಾನಗಲ್ಲಿನಲ್ಲಿ ಕಾರೆಗಿಡಕ್ಕೆ ಸುತ್ತಿಕೊಂಡಿದ್ದ ಯಾವುದನ್ನೋ ಬಿಡಿಸಿದೆ. ಎಷ್ಟು ಸಲ ಯೋಚಿಸಿದರೆ ಅಷ್ಟು ಸಲ ಮಾಸೂರಿನದು ಹೆಚ್ಚು ಸ್ಪಷ್ಟವಾಗುತ್ತಿದೆ. ಅದಕ್ಕೇ ಅದನ್ನು ನಂಬಬಾರದು ಅನಿಸುತ್ತದೆ. ನನಗೆ ಬೇಕಾದದ್ದು ಮಾಸೂರು. ಮೇಡಂಗೆ ಬೇಕಾದದ್ದೂ ಮಾಸೂರು. ನೆನಪಿಗೆ ಇಬ್ಬರೂ ಲಂಚ ಕೊಡುತ್ತಿದ್ದೇವೆ.

ಸುಮ್ಮನಿದ್ದರೆ ಯಾರಿಗೂ ನಷ್ಟವಿಲ್ಲ. ಮೇಡಂ ಗೆಲ್ಲುತ್ತಾರೆ. ಸತ್ತ ಗೈಡಿಗೆ ಹೇಗೂ ಗೊತ್ತಾಗುವುದಿಲ್ಲ. ಅದೂ ಮಾಸೂರಿನದೇ ಆಗಿರಬಹುದು, ಅರ್ಧಕ್ಕರ್ಧ.

ಅರ್ಧಕ್ಕರ್ಧ ಎಂದು ಚೀಟಿಯಲ್ಲಿ ಬರೆದಿಲ್ಲವಲ್ಲ.

ಆಗಸ್ಟ್ 27, ಮಂಗಳವಾರ

ಹೇಳಿದೆ.

ಮೇಡಂ ಪುಸ್ತಕದ ಆ ಪುಟ ಬರೆಯುತ್ತಿದ್ದರು. ನಾನು ನಿಂತುಕೊಂಡೇ ಹೇಳಿದೆ: "ಮೇಡಂರಿ, 212ರ ನಂಬರು ಗುಡ್ಡದ ಮ್ಯಾಲೆ ಕಟ್ಟಿದ್ದಲ್ರಿ. ನಿಮ್ಮ ಹಿತ್ತಲದಾಗ ಕಟ್ಟಿದ್ದು. ಹಾನಗಲ್ಲದ್ದೋ ಮಾಸೂರದ್ದೋ ನನಗ ಗೊತ್ತಿಲ್ರಿ."

ಪೆನ್ನು ನಿಂತಿತು. "ಗೊತ್ತಿಲ್ಲಂದ್ರ? ನೆನಪ ಮಾಡ್ಕೊ."

"ಮಾಡಿದ್ರ ನೆನಪ ಬರತೈತ್ರಿ. ಅದು ನೆನಪಲ್ರಿ, ಆಸೆ."

"ಎಷ್ಟ ದಿನಾತು ಗೊತ್ತಾಗಿ?"

"ನೀವು ಅತ್ತ ದಿನಾನ ಗೊತ್ತಿತ್ರಿ. ಎಂಟ ದಿನಾ ಸುಮ್ಮನಿದ್ದೆ."

ಬೈಯಲಿ ಎಂದು ಕಾದೆ. ಬೈಯಲಿಲ್ಲ. ಕತ್ತರಿ ತೆಗೆದು ಹಾಳೆಯ ಮೂಲೆಯ ಚೀಟಿಯನ್ನು ಕತ್ತರಿಸಿದರು. "ಆ ಮನಷ್ಯಾ ಗೆದ್ದಲಿಗೆ ಜಾಣ ಅಂದ. ನಿನಗ ಏನಂತಿದ್ದ?" ಎಂದರು. ಆಮೇಲೆ, "ಮನಿಗೆ ಹೋಗು. ಕರದಾಗ ಬಾ," ಎಂದರು.

ಕೀಲಿಯನ್ನು ಮೇಜಿನ ಮೇಲಿಟ್ಟೆ. ಸ್ಕೂಟಿಯ ಡಬ್ಬಿಯಿಂದ ಜಾಹೀರಾತಿನ ಹಾಳೆ ತೆಗೆದುಕೊಂಡೆ. ನೋಟ್‌ಬುಕ್ಕು ಕೊಡಲಿಲ್ಲ. ಹಿಂದಿನ ಪುಟಗಳಿಗಾಗಿ ಕೊಡಲಿಲ್ಲ.

ಹಯಾತ ಭಾಯಿ ಬಸ್‌ಸ್ಟ್ಯಾಂಡಿನವರೆಗೂ ಬಂದರು. "ಇಷ್ಟು ಖರೇ ಮಾತಾಡಬಾರದು, ತಂಗಿ. ವ್ಯಾಪಾರ ನಡಿಯೂದಿಲ್ಲ," ಎಂದರು. ನಗಿಸಲು ಹೇಳಿದ್ದು, ಇಬ್ಬರೂ ನಗಲಿಲ್ಲ.

ಆಗಸ್ಟ್ 31

ಕರೆ ಬಂದಿಲ್ಲ. ಅವ್ವನಿಗೂ ಹೇಳಿದೆ. ತಟ್ಟೆ ಎತ್ತಿಟ್ಟು ಮಲಗಿದಳು. ಹುಬ್ಬಳ್ಳಿಗೆ ಹೋಗುವುದೇ ಸರಿ.

ಸೆಪ್ಟೆಂಬರ್ 3, ಮಂಗಳವಾರ

ಬಸ್‌ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸು, ಹಾವೇರಿ ಬಸ್ಸು ಎರಡೂ ನಿಂತಿದ್ದವು. ಹಾವೇರಿಯದು ಮೊದಲು ಹೊರಟಿತು, ಅದಕ್ಕೇ ಹತ್ತಿದೆ.

ಸುಳ್ಳು. ಹುಬ್ಬಳ್ಳಿಯದೇ ಮೊದಲು ಹೊರಟಿತ್ತು.

ಹಾವೇರಿಯಿಂದ ಹಿರೇಕೆರೂರು, ಅಲ್ಲಿಂದ ಮಾಸೂರು. ಗುಡ್ಡ ಹತ್ತುವಾಗ ಹನ್ನೆರಡು. ಬಂಡೆಯಿಂದ ಬಂಡೆಗೆ ಬಗ್ಗಿ ನೋಡುತ್ತಾ ಹೋದೆ. ತುಂಬೆ, ವಿಷ್ಣುಕ್ರಾಂತಿ, ಬೆಳೆದು ನಿಂತ ಕರಡದ ಹುಲ್ಲು, ಒಂದು ಕಡೆ ಗೌರಿಹೂವು. ಬಳ್ಳಿ ಇಲ್ಲ. ಆಡು ಮೇಯಿಸುವವನೊಬ್ಬ ಬಹಳ ಹೊತ್ತಿನಿಂದ ನೋಡುತ್ತಿದ್ದ. ಐವತ್ತು ದಾಟಿದವನು, ತಲೆಗೆ ಪ್ಲಾಸ್ಟಿಕ್ ಕೊಪ್ಪೆ.

"ಏನ ಕಳಕೊಂಡಿ ತಂಗಿ? ಕಿವ್ಯಾಗಿನ ಬಂಗಾರದ ಬೆಂಡವಾಲಿ?"

"ಗಿಡ ಹುಡಕಾಕತ್ತೇನ್ರಿ."

"ಗಿಡಾ? ಗುಡ್ಡದ ತುಂಬ ಅವನ್ನ ಬಿಟ್ಟರ ಮತ್ತೇನೈತಿ?" ಎಂದು ತನ್ನ ಆಡಿಗೆ ಹೇಳಿದ: "ಕೇಳಿದ್ಯಾ? ನಿನ್ನ ಊಟ ಹುಡಕಾಕ ಬಸ್ಸ ಹತ್ತಿ ಬಂದೈತಿ ಹುಡಿಗಿ."

ಹೆಸರು ಕರಿಬಸಪ್ಪ. ಬುತ್ತಿಯ ರೊಟ್ಟಿಯಲ್ಲಿ ಅರ್ಧ ಕೊಟ್ಟ. ಗುರೆಳ್ಳಿನ ಹಿಂಡಿ ಇತ್ತು.

ಸೆಪ್ಟೆಂಬರ್ 6, ಶುಕ್ರವಾರ

ಮತ್ತೆ ಮಾಸೂರು. ನಾಳೆ ಗಣಪತಿ, ಬಸ್ಸಿನಲ್ಲಿ ಮೂರು ಗಣಪತಿಗಳು ಸೀಟು ಹಿಡಿದಿದ್ದವು. ನಾನು ನಿಂತೇ ಹೋದೆ.

ಫೋನಿನಲ್ಲಿ 212ರ ಫೋಟೋ ಇದೆ. ಕರಿಬಸಪ್ಪನಿಗೆ ತೋರಿಸಲಿಲ್ಲ. ತೋರಿಸಿದರೆ ಯಾರಾದರೂ ಹೌದು ಎನ್ನುತ್ತಾರೆ. ಬದಲಿಗೆ, ಸಣ್ಣವನಿದ್ದಾಗ ಈ ಗುಡ್ಡದಲ್ಲಿ ಏನೇನು ತಿಂದಿದ್ದೀರಿ ಎಂದು ಕೇಳಿದೆ.

ಕವಳಿಹಣ್ಣು, ಕಾರೆಹಣ್ಣು, ಬೋರೆಹಣ್ಣು, ಜೇನು, ಒಮ್ಮೆ ಬೈಸಿಕೊಂಡು ಯಾರದೋ ಶೇಂಗಾ. "ಮತ್ತ ಕಂದೀಲ ಗಡ್ಡಿ."

"ಅದೇನ್ರಿ?"

"ಬಳ್ಳಿ ಇರತೈತಿ, ದಾರದಷ್ಟ. ಬುಡಕ ಉಳ್ಳಾಗಡ್ಡಿಯಂಥದ್ದು ಗಡ್ಡಿ, ಚಪ್ಪಟ. ಕಡದ್ರ ನೀರ ನೀರು, ಸಿಹಿ. ಹೂವು ಥೇಟ ಕಂದೀಲ ನೋಡು, ಬುಡಕ ಎಣ್ಣಿ ಬುಡ್ಡಿ, ಮ್ಯಾಲೆ ದೀಪದ ಗಾಜು. ಆ ಬುಡ್ಡಿ ಒಡದ್ರ ಒಳಗಿಂದ ಸಣ್ಣ ನೊಣ ಬುರ್ ಅಂತ ಹೊರಗ ಬರ್ತಿದ್ವು. ಯಾರ ಹೂವಾಗ ಎಷ್ಟ ನೊಣ ಅಂತ ಪಂದ್ಯ ಕಟ್ತಿದ್ವಿ."

ನೊಣದ ಮಾತು ನಾನು ಎತ್ತಿರಲಿಲ್ಲ. ಎರಡು ಸಲ ಯೋಚಿಸಿ ನೋಡಿದೆ. ಎತ್ತಿರಲಿಲ್ಲ.

"ಎಲ್ಲಿತ್ರಿ ಅದು?"

"ಕೆರಿ ಕಾಣೋ ಕಡೀ ಮೈಯಾಗ. ನನ್ನ ಲಗ್ನಕ್ಕಿಂತ ಮೊದಲಿನ ಮಾತು."

"ಈಗ?"

"ಈಗೆಲ್ಲಿ ತರ್ಲಿ? ನಾವ ತಿಂದ ಮುಗಿಸಿದ್ವಿ. ಬಿಟ್ಟದ್ದನ್ನ ಹಂದಿ ತಿಂದ್ವು."

ಅಷ್ಟು ಸಂತೋಷದಿಂದ ಹೇಳಿದ. ನಾನು ಗುಡ್ಡದ ಆ ಮೈಯೆಲ್ಲ ಕೈಯಲ್ಲಿ ಮುಟ್ಟಿ ಮುಟ್ಟಿ ನೋಡಿದೆ. ಇಲ್ಲ.

ಸೆಪ್ಟೆಂಬರ್ 10, ಮಂಗಳವಾರ

ಉಳಿದದ್ದು ಹಾನಗಲ್ಲು. ಸಿಗದಿರಲಿ ಎಂದುಕೊಂಡೇ ಹೋದೆ. ಬರೆದುಬಿಡುತ್ತೇನೆ, ಹಾಗೇ ಅಂದುಕೊಂಡೆ. ಅಲ್ಲಿ ಸಿಗದಿದ್ದರೆ 212 ಮಾಸೂರಿನದು ಎಂದು ಹೇಳಲು ಸ್ವಲ್ಪ ಜಾಗ ಉಳಿಯುತ್ತಿತ್ತು.

ಹನ್ನೊಂದಕ್ಕೆ ಸಿಕ್ಕಿತು. ಗುಡ್ಡದ ನಡುಮೈ, ಕಾರೆಗಿಡದ ಮುಳ್ಳಿನೊಳಗೆ ಸುತ್ತಿಕೊಂಡಿದೆ. ನಾಲ್ಕು ಬಳ್ಳಿ. ಒಂದರಲ್ಲಿ ಐದು ಹೂವು. ಒಣಗಿದ್ದನ್ನಷ್ಟೇ ಕಂಡಿದ್ದೆ, ಬಣ್ಣ ಗೊತ್ತಿರಲಿಲ್ಲ. ಎಳೆ ಹಸಿರು, ಬಾಯಿಯ ಹತ್ತಿರ ಬದನೆಕಾಯಿ ಬಣ್ಣ, ಅಲ್ಲಿ ಸಣ್ಣ ಕೂದಲು, ಗಾಳಿ ಇಲ್ಲದಿದ್ದರೂ ಅಲುಗುತ್ತದೆ. ವಾಸನೆ ಚೆನ್ನಾಗಿಲ್ಲ.

ಒಂದು ಹೂವಿನೊಳಗೆ ನೊಣ ಇತ್ತು. ಬೆಳಕಿಗೆ ಹಿಡಿದರೆ ನೆರಳು ಕಾಣುತ್ತದೆ. ಹೊರಗೆ ಬರುವುದನ್ನು ನೋಡೋಣ ಎಂದು ಕುಳಿತೆ. ಆ ಹೂವು ಆಗಲೇ ಬಾಗಲು ಶುರುವಾಗಿತ್ತು. ಊರಿನ ಕಡೆಯಿಂದ ಗಣಪತಿಯ ಮೈಕು ಕೇಳುತ್ತಿತ್ತು. ಒಂದು ಸಲ ಹನಿ ಬಿತ್ತು, ನಿಂತಿತು. ಕೆಳಗೆ ರಸ್ತೆಯಲ್ಲಿ ನನ್ನ ಬಸ್ಸು ಹೋಯಿತು. ಆಮೇಲಿನದೂ ಹೋಯಿತು. ಮೂರು ಗಂಟೆಯ ಹೊತ್ತಿಗೆ ನೊಣ ಬಾಯಿಗೆ ಬಂದು, ಅಂಚಿನಲ್ಲಿ ಕೂತು ಕಾಲು ತಿಕ್ಕಿಕೊಂಡು, ಹಾರಿ, ನೇರ ಪಕ್ಕದ ಹೂವಿನೊಳಗೆ ಹೋಯಿತು. ಬುದ್ಧಿ ಇಲ್ಲದ್ದು.

ಗಡ್ಡೆ ಮುಟ್ಟಲಿಲ್ಲ. ಒಂದು ಹೂವಿರುವ ತುದಿಯನ್ನಷ್ಟೇ ಕತ್ತರಿಸಿ, ನಂಬರು ಕಟ್ಟಿದೆ. 213. ಸ್ಥಳ, ದಿನ, ಬಣ್ಣ, ಪಕ್ಕದ ಗಿಡ ಎಲ್ಲ ಬರೆದೆ. ಆಮೇಲೆ ಎದ್ದೆ. ಕಾಲು ಜೋಮು ಹಿಡಿದಿತ್ತು. ಪೇಪರು ಮರೆತುಬಂದಿದ್ದೆ, ಚೀಲದಲ್ಲಿ ಒಂದೇ ಹಾಳೆ ಇತ್ತು, ಅದರಲ್ಲಿ ಇಟ್ಟೆ.

ಸೆಪ್ಟೆಂಬರ್ 11, ಬುಧವಾರ

ಕರೆಯದಿದ್ದರೂ ಹೋದೆ.

ಬಾಗಿಲಲ್ಲಿ ಹಯಾತ ಭಾಯಿ. "ಬಂದ್ಯಾ? ಬಾ ಮಾರಾಯ್ತಿ. ನೀ ಹೋದಾಗಿಂದ ಅಕ್ಕ ನನ್ನ ಎಲಿ ಕಟ್ಟಿಗೆ ನಂಬರ ಕಟ್ಟಾಕತ್ತಾಳ."

ಮೇಡಂ ಹಾಳೆ ಬಿಚ್ಚಿ ನೋಡಿದರು. ಭೂತಗನ್ನಡಿ ಹಿಡಿಯುವ ಮೊದಲೇ ಕೇಳಿದರು: "ಎಲ್ಲಿ?"

"ಹಾನಗಲ್ಲ ಗುಡ್ಡರಿ. ನಡುಮೈ, ಕಾರೆಗಿಡದೊಳಗ."

"ಯಾವಾಗ ಕಟ್ಟಿದಿ?"

"ಏಳೋ ಮೊದಲರಿ."

ಆಮೇಲೆ ಭೂತಗನ್ನಡಿ ಹಿಡಿದು ಹೂವು ನೋಡಿದರು. ಮಾಸೂರು ಅಲ್ಲ ಎಂದು ನಾನು ಹೇಳಬೇಕಾಗಲಿಲ್ಲ.

"ಹಂಗಾರ 212ನೂ ಹಾನಗಲ್ಲದ್ದ ಇರಬೇಕ್ರಿ," ಎಂದೆ.

"ಇರಬೇಕು ಅನ್ನೋ ಊರು ಯಾವ ತಾಲೂಕಿನಾಗ ಬರತೈತಿ? ನಾ ನಾಲ್ಕೂ ತಾಲೂಕ ತಿರಗೇನಿ, ನೋಡಿಲ್ಲ." ಹೊಸ ಚೀಟಿ ಮುಂದೆ ಸರಿಸಿದರು. "212ಕ್ಕ ನೀನ ಬರಿ. ನಿನ್ನ ಕೈಯ್ಯಾಗ."

ಬರೆದೆ: ಸ್ಥಳ ಖಚಿತವಿಲ್ಲ. ಹಾನಗಲ್ಲ ಅಥವಾ ಮಾಸೂರು. ನಂಬರು ಜಾಗದಲ್ಲಿ ಕಟ್ಟಿದ್ದಲ್ಲ. ಸಂಗ್ರಹ: ರಾಜಶ್ರೀ. ನನ್ನ ಅಕ್ಷರ ಚೆನ್ನಾಗಿದೆ, ಇವತ್ತು ಅದೊಂದು ಶಿಕ್ಷೆ.

ಆಮೇಲೆ ಕರಿಬಸಪ್ಪನ ಮಾತು ಹೇಳಿದೆ. ಗಡ್ಡೆ, ಕಂದೀಲು, ನೊಣ, ಪಂದ್ಯ. ಮೇಡಂ ಮಧ್ಯದಲ್ಲೇ ತಡೆದರು.

"ನೊಣದ ಮಾತು ಮೊದಲ ಯಾರ ತಗದ್ರು? ನೀನೊ, ಅವನೊ?"

"ಅವರರಿ. ಫೋಟೋನೂ ತೋರಿಸಿರಲಿಲ್ರಿ."

"ಯಾವ ಕಡೆ ಅಂದ?"

"ಕೆರಿ ಕಾಣೋ ಮೈರಿ."

ಮೇಡಂ ಕುರ್ಚಿಗೆ ಒರಗಿದರು. "ಒಂದ ಪುರಾವೆ ಗೆದ್ದಲು ತಿಂತು. ಉಳಿದ ಪುರಾವೆ ಕರಿಬಸಪ್ಪ ತಿಂದಾನ," ಎಂದು ನಗಲು ಶುರುಮಾಡಿದರು. ಹಯಾತ ಭಾಯಿ ಇಣುಕಿ ನೋಡುವಷ್ಟು ನಕ್ಕರು. "ಹೊಟ್ಟಿಗೆ ಹೋದದ್ದಕ್ಕ ಚೀಟಿ ಹೆಂಗ ಅಂಟಸೋದು? ಪುಸ್ತಕಕ್ಕ ನಡಿಯೂದಿಲ್ಲ ಅದು." ಎದ್ದು ಬಚ್ಚಲಿಗೆ ಹೋದರು. ನಲ್ಲಿ ಬಹಳ ಹೊತ್ತು ಸುರಿಯಿತು. ಬಂದಾಗ ಮುಖ ಒದ್ದೆಯಾಗಿತ್ತು, ಒರೆಸಿಕೊಂಡಿರಲಿಲ್ಲ.

"ಕೆರಿ ಕಾಣೋ ಮೈನ," ಎಂದರು. "ಅಲ್ಲೇ."

ಸೆಪ್ಟೆಂಬರ್ 16, ಸೋಮವಾರ

213ರ ಪೇಪರು ಬದಲಿಸುವಾಗ ಮೇಡಂ ಒದ್ದೆ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. "ಇದು ನೀ ಎತ್ತಿಟ್ಟ ಹುಬ್ಬಳ್ಳಿ ಅಂಗಡಿ ಹಾಳಿ ಅಲ್ಲೇನ? ನಿನ್ನಿನ ಕಡೀ ದಿನ ಇತ್ತಲ್ಲ ರಾಜೀ."

"ಹೌದೇನ್ರಿ? ಚಲೋ ಹೀರತೈತ್ರಿ ಅದು, ದಪ್ಪ ಐತಿ. ಒಣಗಸಾಕ ಹಾಕ್ತೇನಿ ಕೊಡ್ರಿ," ಎಂದೆ.

ಸೆಪ್ಟೆಂಬರ್ 22, ಭಾನುವಾರ

ಹಯಾತ ಭಾಯಿಯ ಎಲೆಯ ಟೆಂಪೋದಲ್ಲಿ ಮೇಡಂ ಮಾಸೂರಿಗೆ ಬಂದರು. ಗುಡ್ಡದ ಬುಡದಲ್ಲಿ ಗೋಣಿಚೀಲ ಹಾಸಿ ಕೂರಿಸಿದೆವು. ಕರಿಬಸಪ್ಪ ಆಡು ಹೊಡೆದುಕೊಂಡು ಬಂದ.

"ನಮಸ್ಕಾರ್ರಿ ಬಾಯಾರ. ನಿಮ್ಮ ಗಡ್ಡಿ ತಿಂದಾವ ನಾನ."

"ಎಷ್ಟ ತಿಂದಿಯೋ?"

"ಲೆಕ್ಕ ಇಟ್ಟಿಲ್ರಿ. ನೀವು ಎಲ್ಲಿ ನೋಡಿದ್ರಿ?"

"ಆ ಎರಡು ಬಂಡಿ ಕೂಡ್ತಾವಲ್ಲ, ಅದರ ಬಲಕ್ಕ."

"ಬಲಕ್ಕಲ್ರಿ, ಎಡಕ್ಕ."

"ಬಲಕ್ಕ! 1989, ಆಗಸ್ಟ್ ಹನ್ನೊಂದು. ನಾನ ಕಿತ್ತೇನಿ."

"ನಾನ ತಿಂದೇನ್ರಿ!"

ಅವರನ್ನು ಹಾಗೇ ಬಿಟ್ಟು ಹತ್ತಿದೆ. ಎರಡು ಬಂಡೆಗಳ ಬಲಕ್ಕೂ ನೋಡಿದೆ, ಎಡಕ್ಕೂ ನೋಡಿದೆ. ಪ್ರತಿ ಪೊದೆಯ ಬುಡ ಬಗೆದು ನೋಡಿದೆ. ಕೆಳಗಿಂದ ಮೇಡಂ ಆಗಾಗ "ಏನಾತು?" ಎಂದು ಕೂಗುತ್ತಿದ್ದರು. "ಇಲ್ರಿ," ಎಂದು ಕೂಗುತ್ತಿದ್ದೆ. ನಾಲ್ಕು ಸಲ ಕೇಳಿದರು. ನಾಲ್ಕು ಸಲ ಇಲ್ಲ ಎಂದೆ. ಕರಿಬಸಪ್ಪನೂ ಕೂಗಿದ: "ಗಡ್ಡಿ ಮಲಗಿದ್ರೂ ಮಲಗಿರಬಹುದು ತಂಗಿ, ಮಳಿ ನೋಡಿ ಏಳತಾವ."

ಪ್ರೆಸ್ಸಿಗೆ ಕೊಡದೆ ತಡೆದಿಟ್ಟಿದ್ದ ಪುಟವನ್ನು ಮೇಡಂ ಬರೆದು ಮುಗಿಸಿದ್ದಾರೆ. ಬರುವಾಗ ಟೆಂಪೋದಲ್ಲಿ ಓದಿಸಿದರು. ಹಾನಗಲ್ಲ ಗುಡ್ಡ: 213, ರಾಜಶ್ರೀ. ಅದರ ಕೆಳಗೆ: ಮಾಸೂರು ಗುಡ್ಡ: 1989ರಲ್ಲಿ ಲೇಖಕಿ ಕಂಡದ್ದು. ಮಾದರಿ ಉಳಿದಿಲ್ಲ. ಆಮೇಲೆ ಸಿಕ್ಕಿಲ್ಲ. ಸ್ಥಳೀಯ ಹೆಸರು: ಕಂದೀಲ ಗಡ್ಡಿ. ಹೇಳಿದವರು: ಕರಿಬಸಪ್ಪ, ಮಾಸೂರು.

ಇಷ್ಟು ಬರೆದು ನೋಡಿದರೆ ಹಾಳೆ ಮುಗಿದಿದೆ. ಮುಂದಿನಿಂದ ಬಂದ ಗಿಡಗಳು ಇದೇ ಹಾಳೆಯ ಆ ಬದಿಗೆ ಬಂದು ನಿಂತಿವೆ. ಇನ್ನೂರು ಪುಟ ಸಾಲಲಿಲ್ಲ. ಕೆಳಗೆ ನಾಲ್ಕೈದು ಸಾಲಿನ ಜಾಗ ಇದೆ. ಇವತ್ತಿನದನ್ನು ಗುಡ್ಡದ ಮೇಲೆಯೇ ಬರೆಯಬೇಕಿತ್ತು, ಅಲ್ಲಿ ಕೈ ತುಂಬ ಮಣ್ಣಿತ್ತು. ಹಾಗಾಗಿ ಅದನ್ನೂ ಹೇಳಿಯೇ ಬರೆಯುತ್ತೇನೆ.

ಮಾಸೂರು ಗುಡ್ಡ, ಕೆರೆ ಕಾಣುವ ಮೈ. ಸೆಪ್ಟೆಂಬರ್ 22. ಕಂದೀಲ ಗಡ್ಡೆ ಹುಡುಕಿದ್ದು, ಬೆಳಿಗ್ಗೆ ಹತ್ತರಿಂದ ಎರಡೂವರೆ. ಸಿಕ್ಕಿಲ್ಲ. ಟೆಂಪೋದಲ್ಲಿ ಬರೆದದ್ದು. ಮುಂದಿನ ಜುಲೈ, ಮಳೆ ಹಿಡಿದ ಮೇಲೆ ಮತ್ತೆ ನೋಡುವುದು.